ಬಲಗಡೆಯ ಬಟನ್

ಗಿರಾಕಿ ಹೇಳಿದ್ದನ್ನು ನಂಬಬಾರದು ಎಂಬುದು ಮನೋಳಿಯ ನಿಜಾಮಸಾಬನ ಕಸುಬಿನ ಮೊದಲ ಪಾಠ. ಪಂಪಿನ ಮೋಟರು ರಿವೈಂಡಿಂಗ್ ಮಾಡುವ ಅವನ ಅಂಗಡಿಗೆ ಬರುವವರೆಲ್ಲ ಅರ್ಧ ಮೆಕ್ಯಾನಿಕ್ಕುಗಳಾಗಿಯೇ ಬರುತ್ತಿದ್ದರು. ಬೇರಿಂಗ್ ಹೋಗಿದೆ ಎಂದು ಒಬ್ಬ, ಕಂಡೆನ್ಸರ್ ಸತ್ತಿದೆ ಎಂದು ಇನ್ನೊಬ್ಬ, ತನ್ನದೇನೂ ತಪ್ಪಿಲ್ಲ, ಹಾಳಾದ ಕರೆಂಟೇ ಹಂಗೆ ಎಂದು ಮತ್ತೊಬ್ಬ. ನಿಜಾಮಸಾಬ ಎಲ್ಲರಿಗೂ ತಲೆಯಾಡಿಸಿ, ಚಹಾ ತರಿಸಿ, ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ಮೀಟರು ಕೈಗೆತ್ತಿಕೊಳ್ಳುತ್ತಿದ್ದ. ಮನುಷ್ಯ ಸುಳ್ಳು ಹೇಳುತ್ತಾನೆ, ಮೀಟರು ಹೇಳುವುದಿಲ್ಲ. ಇಷ್ಟೇ ಅವನ ಸಿದ್ಧಾಂತ, ಇದರ ಮೇಲೇ ಅವನ ಅಂಗಡಿ ನಡೆದಿತ್ತು.

ಇನ್ನೊಂದು ಪದ್ಧತಿಯೂ ಅವನದಿತ್ತು. ಮೋಟರಿನಿಂದ ತೆಗೆದ ಕೆಟ್ಟ ಸಾಮಾನನ್ನು ಅವನು ಎಂದೂ ಇಟ್ಟುಕೊಳ್ಳುತ್ತಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೋಟರಿನ ಕೊಂಡಿಗೇ ಕಟ್ಟಿ ಕೊಡುತ್ತಿದ್ದ. ಬದಲಿಸಿದ್ದು ಖರೆ, ನಿನ್ನದು ನಿನಗೆ, ಮನೆಗೆ ಹೋಗಿ ಬೇಕಾದರೆ ಪರೀಕ್ಷೆ ಮಾಡಿಕೋ ಎಂದು ಅದರ ಅರ್ಥ. ಮಲಪ್ರಭೆಯ ದಂಡೆಗುಂಟ ಯಾವ ಪಂಪಿನ ಕೋಣೆಗೆ ಇಣುಕಿದರೂ ಅಂಥ ಒಂದು ಚೀಲ ನೇತಾಡುವುದು ಕಾಣುತ್ತಿತ್ತು. ಯಾರೂ ಪರೀಕ್ಷೆ ಮಾಡಿದ್ದಿಲ್ಲ ಬಿಡಿ.

ಇಂಥ ಮನುಷ್ಯ ಒಂದು ಬೇಸಿಗೆ ಪೂರ್ತಿ ಒಬ್ಬ ಗಿರಾಕಿಯ ಮಾತು ನಂಬಿ ಮೋಸ ಹೋದ. ಆ ಗಿರಾಕಿ ಅವನ ಮಗ ಅತೀಕ.

ಅತೀಕನಿಗೆ ಹದಿನೇಳು ವರ್ಷ. ಚಿಕ್ಕವನಿದ್ದಾಗ ಕುಳಿತಲ್ಲಿಂದ ಏಳಬೇಕಾದರೆ ತನ್ನ ತೊಡೆಯನ್ನೇ ಕೈಯಲ್ಲಿ ಒತ್ತಿ ಒತ್ತಿ ಮೇಲೇಳುತ್ತಿದ್ದ. ಓಣಿಯವರು ಹುಡುಗ ಮುದುಕನ ಹಾಗೆ ಏಳುತ್ತಾನೆ ಎಂದು ನಕ್ಕರು, ನಿಜಾಮಸಾಬನೂ ನಕ್ಕ. ಬೆಳಗಾವಿಯ ಡಾಕ್ಟರು ನಗಲಿಲ್ಲ. ಇದು ಸ್ನಾಯು ಸವೆಯುವ ಕಾಯಿಲೆ, ಔಷಧದಿಂದ ತುಸು ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು. ಮೊದಲು ಕಾಲು ಹೋಗುತ್ತವೆ, ಆಮೇಲೆ ಭುಜ, ಬೆರಳುಗಳು ಬಹಳ ದಿನ ಉಳಿಯುತ್ತವೆ, ಬೆರಳುಗಳೂ ಸೋಲುವ ಹೊತ್ತಿಗೆ ಉಸಿರಾಟದ ಕಡೆ ನೋಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಹೆಂಡತಿ ಬೇಗಂಬಿ ಆಗ ಮಗನನ್ನು ಎತ್ತಿಕೊಂಡು ಹೊರಗೆ ನಿಂತಿದ್ದಳು. ನಿಜಾಮಸಾಬ ಅವಳಿಗೆ ಕಾಲಿನವರೆಗೆ ಮಾತ್ರ ಹೇಳಿದ. ಉಳಿದದ್ದನ್ನು ನುಂಗಿಕೊಂಡು ಬಸ್ಸು ಹತ್ತಿದ.

ಕಾಲು ಹೋದವು. ಸಾಲಿಯ ಮೆಟ್ಟಿಲು ಹತ್ತಲಾಗದೆ ಎಂಟನೆಯ ಇಯತ್ತೆಗೆ ಓದೂ ನಿಂತಿತು. ಗಾಲಿಕುರ್ಚಿ ಬಂತು, ಹೊಸ್ತಿಲಿಗೆ ಸಿಮೆಂಟಿನ ಇಳಿಜಾರು ಬಂತು. ಕಾಲು ಹೋದರೆ ಹೋಗಲಿ, ಕೈ ಇರಲಿ ಎಂದು ನಿಜಾಮಸಾಬ ಐದು ಹೊತ್ತಿನ ನಮಾಜಿನಲ್ಲೂ ಮೇಲಿನವನ ಜೊತೆ ಚೌಕಾಸಿ ಮಾಡುತ್ತಿದ್ದ. ಕೈ ಇರುವ ತನಕ ಹುಡುಗನಿಗೆ ಏನೂ ಆಗುವುದಿಲ್ಲ. ಡಾಕ್ಟರು ಹೇಳಿದ ಸರದಿಯೇ ಹಾಗಿತ್ತಲ್ಲ.

ಆ ಕೈಗಳು ಎಂಥವಿದ್ದವು ಅಂತೀರಿ! ಸಾಲಿ ಬಿಟ್ಟ ವರ್ಷ ಅತೀಕ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕೈಯಲ್ಲಿ ಹಿಡಿದು ಆಡುವ ಗೇಮಿನ ಡಬ್ಬಿಯನ್ನು ತಾನೇ ಕಟ್ಟಿದ. ಬೈಲಹೊಂಗಲದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಸೋದರಳಿಯ ವಾಸೀಮ್ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕಂಪ್ಯೂಟರ್ ಬೋರ್ಡು ತರಿಸಿಕೊಟ್ಟ. ಕಾರು ಹಿಂದಕ್ಕೆ ತೆಗೆಯುವಾಗ ನೋಡುವ ಪುಟ್ಟ ಸ್ಕ್ರೀನು, ಯಾರೋ ಬಿಟ್ಟುಹೋದ ಪವರ್ ಬ್ಯಾಂಕಿನ ಬ್ಯಾಟರಿ, ಸತ್ತ ಮೊಬೈಲಿನ ಸ್ಪೀಕರು, ಇವೆಲ್ಲ ಮನೆ ವೈರಿಂಗಿನ ಬಿಳಿ ಸ್ವಿಚ್ ಬಾಕ್ಸಿನೊಳಗೆ ಸೇರಿದವು. ಬೆಸುಗೆ ಪೂರಾ ಅತೀಕನದೇ. ಎಡಗಡೆ ದಿಕ್ಕಿನ ಬಟನ್ನುಗಳು, ಬಲಗಡೆ ಒಂದೇ ದೊಡ್ಡ ಬಟನ್, ಜಿಗಿಯುವುದಕ್ಕೆ. ಮೋಟರಿನ ದಪ್ಪ ತಂತಿ ಸುತ್ತಿ ಬೆರಳು ಒರಟಾಗಿದ್ದ ನಿಜಾಮಸಾಬ ಬರೀ ದೀಪ ಹಿಡಿದು ನಿಂತಿದ್ದ.

ಹುಡುಗನಿಗೆ ಬಹಳ ಸೇರಿದ್ದು ಒಂದೇ ಆಟ. ಪುಟಾಣಿ ಮನುಷ್ಯನೊಬ್ಬ ಓಡುತ್ತಲೇ ಇರುತ್ತಾನೆ, ದಾರಿಯಲ್ಲಿ ಹೊಂಡ ಬರುತ್ತವೆ, ಬಂದ ಕೂಡಲೇ ಜಿಗಿಯಬೇಕು, ತಪ್ಪಿದರೆ ಗೋತಾ. ರಾಮದುರ್ಗದ ಬಸ್ಸಿನ ಹಿಂದೆ ದಿನಾ ಓಡುವ ಓಣಿಯ ಭರಮಪ್ಪನ ಹಾಗೆಯೇ ಇದ್ದಾನೆ ಎಂದು ಬೇಗಂಬಿ ಹೇಳಿದ ಮೇಲೆ ಅವನಿಗೆ ಭರಮಪ್ಪ ಎಂದೇ ಹೆಸರಾಯಿತು. ಇಳಿಹೊತ್ತಿಗೆ ಅಡುಗೆಮನೆಯಿಂದ ಅವಳು ಭರಮಪ್ಪ ಎಲ್ಲಿಗೆ ಬಂದ ಎಂದು ಕೇಳುವುದು, ಒಳಗಿನಿಂದ ಅತೀಕ ಆಟದ ಹಂತಗಳನ್ನು ಊರೆಂದು ಎಣಿಸಿ ಮೂರನೇ ಊರು ದಾಟಿದ ಎನ್ನುವುದು ಮನೆಯ ರೂಢಿಯಾಯಿತು.

ಡಬ್ಬಿ ಆಗಾಗ ಕೆಡುತ್ತಿತ್ತು. ಸ್ಪೀಕರಿನಲ್ಲಿ ಜೇನುಹುಳ ಹೊಕ್ಕ ಹಾಗೆ ಗುಂಯ್ಗುಟ್ಟಿತು. ಅದು ಅರ್ಥಿಂಗಿನ ತಂತಿ ಸಡಿಲಾಗಿದ್ದು. ಆಟ ಜೋರಾದಾಗ ಪರದೆ ಕಣ್ಣು ಹೊಡೆಯಿತು. ಅದು ಬ್ಯಾಟರಿಯ ತಂತಿ ತೀರ ಸಣ್ಣದಾಗಿದ್ದು, ಬೋರ್ಡಿಗೆ ಸಾಲುವಷ್ಟು ಕರೆಂಟು ಹೋಗದೆ ಇದ್ದದ್ದು. ಒಮ್ಮೆ ಪೂರಾ ಸತ್ತೇ ಹೋಯಿತು. ನೋಡಿದರೆ ಚಾರ್ಜಿಂಗ್ ಪಿನ್ನಿನ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಪ್ರತಿ ಸಲವೂ ತಂದೆ ಮಗ ಡಬ್ಬಿ ಬಿಚ್ಚಿ ಮಂಚದ ಮೇಲೆ ಹರವಿಕೊಂಡು ಒಂದೊಂದನ್ನೇ ನೋಡುತ್ತಿದ್ದರು. ಅನುಮಾನ ಬಂದ ಭಾಗ ತೆಗೆದು ಚಲೋ ಇರುವುದು ಹಾಕಿ ನೋಡು, ಒಂದು ಸಲಕ್ಕೆ ಒಂದೇ ಬದಲಿಸು, ಎರಡು ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಗೊತ್ತೇ ಆಗುವುದಿಲ್ಲ. ಇದು ನಿಜಾಮಸಾಬ ಮಗನಿಗೆ ಕಲಿಸಿದ ವಿದ್ಯೆ. ಅವನ ಹತ್ತಿರ ಕೊಡಲು ಇದ್ದದ್ದೂ ಅಷ್ಟೇ. ಡಬ್ಬಿ ಬಿಚ್ಚಿದಾಗ ಅವನು ತನಗೇ ಗೊತ್ತಿಲ್ಲದೆ ಏನೋ ಗುನುಗುತ್ತಿದ್ದ. ಮೋಟರಿನ ಮುಂದೆ ಎಂದೂ ಗುನುಗಿದವನಲ್ಲ.

ಆ ಬೇಸಿಗೆಯ ಆರಂಭದಲ್ಲಿ ಅತೀಕ ಬಲಗಡೆಯ ಬಟನ್ ಒಮ್ಮೊಮ್ಮೆ ಹಿಡಿಯುತ್ತಿಲ್ಲ ಎಂದ. ಭರಮಪ್ಪ ಜಿಗಿಯಬೇಕಾದಲ್ಲಿ ಜಿಗಿಯದೆ ಹೊಂಡಕ್ಕೆ ಬೀಳುತ್ತಿದ್ದಾನೆ ಎಂದ. ನಿಜಾಮಸಾಬ ಡಬ್ಬಿಯನ್ನು ಅಂಗಡಿಗೆ ಒಯ್ದು ಧೂಳು ಹೊಡೆದು ತಾನೇ ಒತ್ತಿ ನೋಡಿದ. ಟಕ್ ಎಂದಿತು, ಭರಮಪ್ಪ ಜಿಗಿದ. ಮನೆಗೆ ತಂದ, ಅತೀಕ ಒತ್ತಿದ, ಭರಮಪ್ಪ ಬಿದ್ದ. ಬಟನ್ ಬದಲಾಯಿಸಿದ. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ. ತಂತಿ ಬದಲಾಯಿಸಿದ. ಅದೇ ಕತೆ.

ಬಂದು ಹೋಗುವ ಫಾಲ್ಟು ಎಂದರೆ ಕಸುಬುದಾರನಿಗೆ ಬೆನ್ನಿಗೆ ಹತ್ತಿದ ದೆವ್ವ. ಆದರೆ ನಿಜಾಮಸಾಬನಿಗೆ ಅದರ ಮೇಲೆ ಒಂದು ನಮೂನೆಯ ಪ್ರೀತಿಯೇ ಹುಟ್ಟಿತು. ಮನೆಯ ತಗಡಿನ ಮಾಡು ಕಾಯುವುದರಿಂದ ಬೆಸುಗೆ ಹಿಗ್ಗುತ್ತಿರಬೇಕು ಎಂದು ಲೆಕ್ಕ ಹಾಕಿದ. ಹುಡುಗ ಮಲಗಿ ಆಡುವಾಗ ಡಬ್ಬಿ ದಿಂಬಿಗೆ ಒತ್ತಿ ತಂತಿ ಬಾಗುತ್ತಿರಬೇಕು ಎಂದು ತಂತಿಯ ದಾರಿಯನ್ನೇ ತಿರುಗಿಸಿದ. ತಂತಿ ಬೆಸೆಯುವ ಬೋರ್ಡಿನ ಕಾಲು, ಅಂದರೆ ಪಿನ್ನು, ಬದಲಾಯಿಸಿದ, ಬ್ಯಾಟರಿ ಬದಲಾಯಿಸಿದ, ಬಟನ್ನನ್ನಂತೂ ಮತ್ತೆ ಮತ್ತೆ ಬದಲಾಯಿಸಿದ. ತೆಗೆದ ಪ್ರತಿ ಬಟನ್ನನ್ನೂ ರೂಢಿಯಂತೆ ಗಿರಾಕಿಯ ಕೈಗೇ ಕೊಟ್ಟ. ಅತೀಕ ಅವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟ. ಮೀಟರು ದಿನವೂ ಎಲ್ಲ ಸರಿ ಇದೆ ಎಂದು ಹೇಳುತ್ತಿತ್ತು. ನಿಜಾಮಸಾಬ ಜೀವನದಲ್ಲಿ ಮೊದಲ ಸಲ ಮೀಟರನ್ನು ಬಿಟ್ಟು ಗಿರಾಕಿಯನ್ನು ನಂಬಿದ. ಇಷ್ಟು ಜಾಣ ಮನುಷ್ಯನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿಯಬಾರದೆಂದು ಹಟ ಹಿಡಿದವನಿಗೆ ಯಾರು ತಿಳಿಸಬೇಕು?

ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಾಗ ಬೇಗಂಬಿ ಬಚ್ಚಲಲ್ಲಿ ಮಗನಿಗೆ ನೀರು ಹಾಕುತ್ತಿದ್ದಳು. ಹೊರಗೆ ಮಂಚದ ಮೇಲೆ ಅತೀಕನ ಗೆಳೆಯ ಅಪ್ಪು ಕುಳಿತಿದ್ದ. ಪಕ್ಕದ ಓಣಿಯ ಒಕ್ಕಲಿಗ ನಿಜಗುಣಪ್ಪನ ಮಗ, ಸವದತ್ತಿಯಲ್ಲಿ ಪಿಯುಸಿ ಮುಗಿಸಿ ಊರಿಗೆ ಬಂದವನು. ಕಾಯುತ್ತ ಕೂತವನು ಸುಮ್ಮನೆ ಡಬ್ಬಿ ಎತ್ತಿಕೊಂಡು ಆಡುತ್ತಿದ್ದ. ಪರದೆಯ ಮೇಲೆ ಭರಮಪ್ಪ ಹೊಂಡದ ಮೇಲೆ ಹೊಂಡ ದಾಟುತ್ತಿದ್ದ. ಒಂದೂ ತಪ್ಪಲಿಲ್ಲ.

ನಿಜಾಮಸಾಬ ಬಾಗಿಲಲ್ಲೇ ನಿಂತ. ಬಲಗಡೆಯ ಬಟನ್ ಹೇಗಿದೆ ಎಂದು ಕೇಳಿದ.

"ಚೊಲೋ ಐತಲ್ರಿ ಕಾಕಾ," ಎಂದ ಅಪ್ಪು, ತಲೆ ಎತ್ತದೆ.

ಇಲ್ಲಿಯೇ, ಇದೇ ಮಂಚದ ಮೇಲೆ, ಇದೇ ತಗಡಿನ ಕಾವಿನಲ್ಲಿ, ಇದೇ ಬ್ಯಾಟರಿ, ಇದೇ ತಂತಿ. ಬದಲಾದದ್ದು ಒಂದೇ ಒಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎಂದು ಊರಿಗೆಲ್ಲ ಪಾಠ ಹೇಳಿದವನು ಬೇಸಿಗೆ ಪೂರ್ತಿ ಎಲ್ಲವನ್ನೂ ಬದಲಿಸಿದ್ದ, ಮಗನ ಹೆಬ್ಬೆರಳೊಂದನ್ನು ಬಿಟ್ಟು. ಬಚ್ಚಲಿನಿಂದ ನೀರಿನ ಸದ್ದು, ತಾಯಿ ಮಗನ ಮಾತು ಕೇಳುತ್ತಿತ್ತು. ಊಟ ಬೇಡ ಎಂದು ಕೂಗಿ ಹೇಳಿ ಅವನು ಅಂಗಡಿಗೆ ಹಿಂದಿರುಗಿದ. ಅಂದು ಸುತ್ತಿದ ಮೋಟರಿನ ಕಾಯಿಲನ್ನು ಮರುದಿನ ಪೂರಾ ಬಿಚ್ಚಬೇಕಾಯಿತು.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಖರೆಯಾಗುತ್ತದೆ. ಹೇಳದೆ ಇದ್ದರೆ ಇನ್ನೂ ಬಟನ್ನಿನ ಕೆಲಸವೇ. ಮಾರನೆಯ ದಿನ ಬೈಲಹೊಂಗಲದ ಬಸ್ಸು ಹತ್ತಿ ವಾಸೀಮನ ಅಂಗಡಿಗೆ ಹೋದ. ಮೆತ್ತಗಿನ ಬಟನ್ ಬೇಕು ಎಂದ. ಎಷ್ಟು ಮೆತ್ತಗೆ ಎಂದು ವಾಸೀಮ್ ಕೇಳಿದ.

"ಎಳಿ ಕೂಸು ಒತ್ತಿದ್ರೂ ಹಿಡಿಬೇಕು."

ವಾಸೀಮ್ ಮಾಮನ ಮುಖ ನೋಡಿದ. ಕಪಾಟಿನಿಂದ ಕಂಪ್ಯೂಟರಿನ ಹಳೆಯ ಮೌಸುಗಳನ್ನು ತೆಗೆದು ಒಡೆದು ಒಳಗಿನ ಪುಟ್ಟ ಸ್ವಿಚ್ಚುಗಳನ್ನು ಬಿಚ್ಚಿಕೊಟ್ಟ. ಅವುಗಳೊಳಗೆ ಕೂದಲಿನಷ್ಟು ತೆಳುವಾದ ತಗಡಿನ ಎಲೆ ಇರುತ್ತದೆ, ಬೆರಳು ತಾಕಿಸಿದರೆ ಸಾಕು, ಟಿಕ್ ಎನ್ನುತ್ತದೆ. ಮಾಮ ಹೊರಟಾಗ ಅತೀಕನಿಗೆ ಸಲಾಂ ಹೇಳಿರಿ ಎಂದನಷ್ಟೇ.

ಮನೆಗೆ ಬಂದ ನಿಜಾಮಸಾಬ ಕೊನೆಗೂ ಫಾಲ್ಟು ಸಿಕ್ಕಿತು ಎಂದು ಸಾರಿದ. ಈವರೆಗೆ ತಂದ ಬಟನ್ನುಗಳೆಲ್ಲ ಒಂದೇ ಲಾಟಿನ ಮಾಲು, ಲಾಟೇ ಕೆಟ್ಟದ್ದು ಎಂದು ನಗುನಗುತ್ತ ಸುಳ್ಳು ಹೇಳಿದ. ಅತೀಕ ಹೌದಾ ಎಂದ. ಮೌಸಿನ ಸ್ವಿಚ್ಚು ಹಾಕಿದ ಮೇಲೆ ಭರಮಪ್ಪ ಮತ್ತೆ ಜಿಗಿದ. ಅಡುಗೆಮನೆಯಿಂದ ಬೇಗಂಬಿ ಎಲ್ಲಿಗೆ ಬಂದ ಎಂದು ಕೇಳಿದಳು, ಅತೀಕ ಊರಿನ ಲೆಕ್ಕ ಹೇಳಿದ. ಆ ದಿನಗಳಲ್ಲಿ ನಿಜಾಮಸಾಬ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಚೇಷ್ಟೆ ಮಾಡಿದ, ಎರಡು ಸಲ ಮನೆಗೆ ಕುಂದಾ ಸಿಹಿ ತಂದ. ಇಷ್ಟೇ ಸಾಕು, ಇಷ್ಟಕ್ಕೇ ನಿಲ್ಲಲಿ ಎಂದು ಮೇಲಿನವನಿಗೆ ಮತ್ತೊಂದು ಚೌಕಾಸಿ ಕಳಿಸಿದ.

ನಿಲ್ಲಲಿಲ್ಲ. ಮಳೆಗಾಲ ಹತ್ತುವ ಮೊದಲೇ ಭರಮಪ್ಪ ಮತ್ತೆ ಬೀಳತೊಡಗಿದ. ಅತೀಕ ಈಗ ಬಟನ್ನಿನ ಬಗ್ಗೆ ಮಾತನಾಡುವುದನ್ನೇ ಬಿಟ್ಟಿದ್ದ. ತಂದೆ ಕೇಳಿದರೆ ಸ್ವಲ್ಪ ಬಿಗಿ ಇದೆ ಎನ್ನುತ್ತಿದ್ದ. ನಿಜಾಮಸಾಬ ಸ್ವಿಚ್ಚನ್ನೇ ಬಿಚ್ಚಿ ಒಳಗಿನ ತಗಡಿನ ಎಲೆಯನ್ನು ಬಾಗಿಸಿದ. ಇನ್ನಷ್ಟು ಬಾಗಿಸಿದ. ಬಟನ್ನಿನ ಮೇಲೆ ಅಗಲವಾದ ಪಟ್ಟಿ ಅಂಟಿಸಿ ಬೆರಳಿನ ಭಾರಕ್ಕೇ ಇಳಿಯುವಂತೆ ಮಾಡಿದ. ಅಂಗಡಿಯಲ್ಲಿ ನಿಜಗುಣಪ್ಪನ ಮೋಟರು ಹಾಗೇ ಬಿದ್ದಿತ್ತು. ನೀರಿಲ್ಲದೆ ಬದನೆ ಒಣಗಾಕ ಹತ್ಯಾವು ಸಾಹೇಬ್ರ ಎಂದು ಅವನು ದಿನಾ ಬಂದು ಹೋಗುತ್ತಿದ್ದ.

ಆ ಶುಕ್ರವಾರ ಬೇಗಂಬಿ ನೇಸರಗಿಯ ತಂಗಿಯ ಮನೆಗೆ ಹೋಗಿದ್ದಳು. ನಮಾಜು ಮುಗಿಸಿ ಮನೆಗೆ ಬಂದ ನಿಜಾಮಸಾಬ ಬಾಗಿಲಿನಿಂದಲೇ ಪರದೆ ನೋಡಿದ. ಭರಮಪ್ಪ ಜಿಗಿಯುತ್ತಿದ್ದ! ಒಂದಾದ ಮೇಲೊಂದು ಜಿಗಿತ. ಎಲೆ ಬಾಗಿಸಿದ್ದು ಫಲ ಕೊಟ್ಟಿತು ಎಂದು ಎದೆ ತುಂಬಿ ಬಂತು. ಹತ್ತಿರ ಹೋಗಿ ನೋಡಿದ. ಡಬ್ಬಿ ದಿಂಬಿನ ಮೇಲೆ ಒರಗಿತ್ತು. ಅತೀಕನ ಎರಡೂ ಕೈಗಳು ಮಡಿಲಲ್ಲಿದ್ದವು. ಹೊಂಡ ಇಲ್ಲದ ಕಡೆಯೂ ಭರಮಪ್ಪ ಜಿಗಿದ, ಹೊಂಡ ಬಂದಾಗ ಅದರೊಳಗೇ ಇಳಿದ, ಮತ್ತೆ ಹುಟ್ಟಿ ಬಂದು ಮತ್ತೆ ಸುಮ್ಮಸುಮ್ಮನೆ ಜಿಗಿಯತೊಡಗಿದ. ಎಲೆ ಅಷ್ಟು ಮೆತ್ತಗಾಗಿತ್ತು, ಫ್ಯಾನಿನ ಗಾಳಿಗೇ ಅದು ಹಿಡಿಯುತ್ತಿತ್ತು.

"ನಾ ಒತ್ತಾಕ ಹತ್ತಿಲ್ಲ ಅಬ್ಬಾ," ಎಂದ ಅತೀಕ. "ಅದು ತಾನ ಜಿಗಿಯಾಕ ಹತ್ತೇತಿ."

ಭಾಳ ಮೆತ್ತಗಾಯಿತು, ತುಸು ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ನಿಜಾಮಸಾಬ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಬ್ಯಾಡ. ಬಿಚ್ಚಬ್ಯಾಡ ಅದನ್ನ."

ಹುಡುಗನ ದನಿ ಏರಲಿಲ್ಲ. ಮಂಚದ ಕೆಳಗಿನ ಬಾಟಲಿ ತೆಗೆದುಕೊಡು ಎಂದ. ನಿಜಾಮಸಾಬ ಬಗ್ಗಿ ಉಪ್ಪಿನಕಾಯಿ ಬಾಟಲಿಯನ್ನು ಎಳೆದ. ಬೇಸಿಗೆ ಪೂರ್ತಿ ಅವನು ಕಿತ್ತು ಕಿತ್ತು ಕೊಟ್ಟ ಬಟನ್ನುಗಳೆಲ್ಲ ಅದರಲ್ಲಿದ್ದವು.

"ಇವೆಲ್ಲಾ ಚೊಲೋ ಅದಾವ," ಎಂದ ಅತೀಕ. "ಅಪ್ಪು ಒಂದೊಂದ ಒತ್ತಿದ, ನಾ ಮೀಟರ್ ನೋಡಿದೆ. ಒಂದೂ ಕೆಟ್ಟಿಲ್ಲ."

ಯಾವಾಗ ಎಂದು ನಿಜಾಮಸಾಬ ಕೇಳಿದ. ಅಪ್ಪುವಿನ ಪರೀಕ್ಷೆ ಮುಗಿದ ಮರುವಾರವೇ ಎಂದು ಹುಡುಗ ಹೇಳಿದ. ಅಂದರೆ ಬೈಲಹೊಂಗಲಕ್ಕೆ ಹೋಗುವುದಕ್ಕೂ ಮೊದಲು. ಲಾಟು ಕೆಟ್ಟದ್ದು ಎಂದು ತಂದೆ ನಗುನಗುತ್ತ ಹೇಳಿದಾಗ ಮಗನಿಗೆ ಎಲ್ಲ ಗೊತ್ತಿತ್ತು. ಊರಿನ ಯಾವ ಗಿರಾಕಿಯೂ ಮಾಡದ ಪರೀಕ್ಷೆಯನ್ನು ಇವನು ಮಾಡಿದ್ದ. ನಿಜಾಮಸಾಬ ಮಂಚದ ತುದಿಯಲ್ಲಿ ಕುಳಿತ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನೀ ಅದನ್ನ ಬಿಚ್ಚಿಕೊಂಡು ಕುಂತಾಗ ಗುನುಗತಿದ್ದಿ. ನಿನ್ನ ನೋಡಿ ನನಗೂ ಒಮ್ಮೊಮ್ಮೆ ಖರೇನ ಬಟನ್ ಕೆಟ್ಟೈತೇನೋ ಅನಸ್ತಿತ್ತು, ಅಬ್ಬಾ."

ನಿಜಾಮಸಾಬನಿಗೆ ಕುಳಿತಲ್ಲಿ ಕೂರಲು ಆಗಲಿಲ್ಲ. ಎದ್ದು ನಿಂತು ಮಾತನಾಡತೊಡಗಿದ, ಒಂದೇ ಸಮನೆ. ಬಟನ್ ಹೋದರೆ ಹೋಗಲಿ, ತಲೆ ವಾಲಿಸಿದರೆ ಹಿಡಿಯುವ ಸ್ವಿಚ್ಚು ಮಾಡೋಣ. ದಿಂಬಿನೊಳಗೆ ಇಡೋಣ. ಅದೂ ಬೇಡವೆಂದರೆ ಸಣ್ಣ ನಳಿಕೆ ಇಟ್ಟು ಅದರಲ್ಲಿ ಊದಿದರೆ ಜಿಗಿಯುವ ಹಾಗೆ ಮಾಡೋಣ, ವಾಸೀಮನಿಗೆ ಹೇಳಿ ಸಾಮಾನು ತರಿಸೋಣ, ಮೋಟರುಗಳು ಬಿದ್ದಿರಲಿ. ಕೈ ಬೀಸಿ ಬೀಸಿ ಹೇಳುತ್ತಿದ್ದ. ಅತೀಕ ಅವನು ಸುಸ್ತಾಗುವವರೆಗೆ ಕಾದ.

"ಊದೂದು ಎಷ್ಟ ದಿನ? ಅದೂ ಹಿಂಗ ಆಗತೈತಲ್ಲ."

ನಿಜಾಮಸಾಬ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಮತ್ತೆ ಮಂಚದ ತುದಿಗೆ ಕುಳಿತ.

"ಡಾಕ್ಟರು ಏನಂದ್ರು ಅಂತ ನೀ ಒಮ್ಮಿನೂ ಹೇಳಿಲ್ಲ. ಫೋನಿನಾಗ ನಾ ಎಲ್ಲಾ ಓದೇನಿ. ಆದ್ರ ನೀ ಹೇಳು."

ಯಾವ ತಂತಿ ಯಾವ ಕಾಲಿಗೆ ಎಂದು ಫೋನಿನಲ್ಲಿ ಹುಡುಕಿ ಕಂಪ್ಯೂಟರು ಕಟ್ಟಿದ ಹುಡುಗ, ತನ್ನ ಕಾಯಿಲೆಯ ಹೆಸರು ಹುಡುಕದೆ ಇರುತ್ತಾನೆಯೇ? ನಿಜಾಮಸಾಬನಿಗೆ ಇದು ಹೊಳೆದದ್ದು ಆಗಲೇ. ಇಷ್ಟು ವರ್ಷ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಂತೆ ಮುಚ್ಚಿಟ್ಟ ಮಾತು ಮಗನ ಅಂಗೈಯೊಳಗಿನ ಫೋನಿನಲ್ಲೇ ಇತ್ತು. ಹುಡುಗ ಎಷ್ಟು ವರ್ಷದಿಂದ ಒಬ್ಬನೇ ಅದನ್ನು ಹೊತ್ತುಕೊಂಡು ಮಲಗಿದ್ದಾನೋ. ಜೊತೆಗೆ ಕೂತು ಹೊರಬೇಕಾದವನು ಪಕ್ಕದಲ್ಲೇ ಕುಳಿತು ಬಟನ್ ಬದಲಾಯಿಸುತ್ತಿದ್ದ. ಸುಳ್ಳು ಹೇಳುವ ಧೈರ್ಯ ಅವನಲ್ಲಿ ಇನ್ನು ಉಳಿದಿರಲಿಲ್ಲ.

"ಮೊದಲ ಕಾಲು ಅಂದ್ರು," ಎಂದ. "ಆಮ್ಯಾಲ ಕೈ." ಅಲ್ಲಿಗೆ ನಿಂತ. ಮಗ ನೋಡುತ್ತಲೇ ಇದ್ದ. "ಆಮ್ಯಾಲ ಉಸಿರು ಅಂದ್ರು, ಬೇಟಾ."

ಅತೀಕ ತಲೆಯಾಡಿಸಿದ. ಅವನ ಮುಖದಲ್ಲಿ ಹೆದರಿಕೆ ಕಾಣಲಿಲ್ಲ, ಬಹಳ ಹೊತ್ತಿನಿಂದ ಹೊತ್ತಿದ್ದ ಚೀಲದ ಒಂದು ಕಿವಿಯನ್ನು ಇನ್ನೊಬ್ಬರು ಹಿಡಿದುಕೊಂಡಂಥ ಒಂದು ಸಮಾಧಾನ ಕಂಡಿತು. ಅದನ್ನು ನೋಡಿ ನಿಜಾಮಸಾಬನಿಗೆ ಅಳು ತಡೆಯಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತ. ಬೆಳಗಾವಿಯಲ್ಲಿ ಮೂಗಿಗೆ ಹಾಕಿ ಉಸಿರಾಡಿಸುವ ಮಶೀನು ಇದೆಯಂತೆ, ಈ ವಾರವೇ ಹೋಗೋಣ ಎಂದು ಅಳುತ್ತಲೇ ಹೇಳಿದ. ಹೋಗೋಣ ಎಂದ ಅತೀಕ, ಸಣ್ಣವರನ್ನು ರಮಿಸುವ ದನಿಯಲ್ಲಿ.

ನಿಮ್ಮಮ್ಮನಿಗೆ ಮಾತ್ರ ಹೇಳಬೇಡ, ಅವಳಿಗೆ ಇದು ಗೊತ್ತಿಲ್ಲ ಎಂದು ನಿಜಾಮಸಾಬ ಬೇಡಿಕೊಂಡ.

"ಅಮ್ಮಿಗೆ ಗೊತ್ತೈತಿ. ನಾ ಮಲಗಿದಾಗ ಮೂಗಿನ ಕೆಳಗ ಬೆರಳು ಹಿಡದ ನೋಡತಾಳ. ನಾ ನಿದ್ದಿ ಬಂದಂಗ ಇರತೇನಿ."

ಮೂರೇ ಜನರ ಮನೆ. ಮೂವರೂ ಒಂದೇ ಸುದ್ದಿಯನ್ನು ಉಳಿದಿಬ್ಬರಿಂದ ಬಚ್ಚಿಟ್ಟುಕೊಂಡು, ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ, ಭರಮಪ್ಪ ಎಲ್ಲಿಗೆ ಬಂದ ಎಂದು ಕೇಳುತ್ತ ಇದ್ದರು. ಪ್ರೀತಿ ಇದ್ದ ಕಡೆ ಮನುಷ್ಯರು ಇಷ್ಟು ದಡ್ಡರಾಗುತ್ತಾರೆ ಎಂದರೆ ಸಿಟ್ಟು ಬರುತ್ತದೆ, ಸಿಟ್ಟು ಮಾಡಿ ಏನು ಮಾಡುವುದು?

ಹೊರಗೆ ನಿಜಗುಣಪ್ಪ ಬಂದು ಮೋಟರಿನ ಸುದ್ದಿ ಕೂಗಿ ಕೇಳಿದ, ನಾಳೆ ಖಂಡಿತ ಎಂದು ಹೇಳಿಸಿಕೊಂಡು ಹೋದ. ನಿಜಾಮಸಾಬ ಮುಖ ತೊಳೆದು ಬಂದ. ಏನು ಮಾಡಬೇಕೆಂದು ತಿಳಿಯದೆ ನಿಂತ. ಬಿಚ್ಚಲು ಏನೂ ಇಲ್ಲದೆ ಮಗನ ಎದುರು ನಿಲ್ಲುವುದು ಅವನಿಗೆ ಅಭ್ಯಾಸವಿರಲಿಲ್ಲ. ಬೇಕಾದರೆ ಡಬ್ಬಿಯನ್ನು ಎತ್ತಿಟ್ಟುಬಿಡಲೇ ಎಂದು ಕೇಳಿದ. ಅತೀಕ ಬೇಡವೆಂದ. ಬಾಟಲಿಯಿಂದ ಯಾವುದಾದರೊಂದು ಬಿಗಿ ಬಟನ್ ತೆಗೆದು ಹಾಕು ಎಂದ.

"ನೀ ಒತ್ತು. ನಾ ಹೇಳತೇನಿ."

ನಿಜಾಮಸಾಬ ಜೀವನದಲ್ಲಿ ಆಟ ಆಡಿದವನಲ್ಲ. ಹಳೆಯ ಬಟನ್ ಬೆಸೆದು, ಮಗನ ಪಕ್ಕದಲ್ಲಿ ದಿಂಬಿಗೆ ಒರಗಿ, ಡಬ್ಬಿಯನ್ನು ಇಬ್ಬರಿಗೂ ಕಾಣುವಂತೆ ಹಿಡಿದು, ದಪ್ಪ ಹೆಬ್ಬೆರಳನ್ನು ಬಟನ್ ಮೇಲೆ ಇಟ್ಟ. ಭರಮಪ್ಪ ಓಡತೊಡಗಿದ. ಮೊದಲ ಹೊಂಡ ಬಂತು. ಅತೀಕ ಜಿಗಿ ಎಂದ. ನಿಜಾಮಸಾಬ ಒತ್ತುವ ಹೊತ್ತಿಗೆ ಭರಮಪ್ಪ ಒಳಗೆ ಹೋಗಿದ್ದ.

"ತಡಾ ಆತು, ಅಬ್ಬಾ."

ಮುಂದಿನ ಸಲ ತಾನೇ ಅಂದಾಜು ಮಾಡಿ ಮೊದಲೇ ಒತ್ತಿದ. ಭರಮಪ್ಪ ಹೊಂಡದ ಈಚೆಗೇ ಜಿಗಿದು, ಇಳಿದು, ನೇರ ಒಳಗೆ ನಡೆದ. ಹೆದರಿ ಜಿಗಿಯಬೇಡ, ನಾನು ಹೇಳುವ ತನಕ ಕಾಯಬೇಕು ಎಂದ ಅತೀಕ. ಕಾದರೆ ತಡವಾಗುತ್ತಿತ್ತು, ಕಾಯದಿದ್ದರೆ ತೀರ ಮುಂಚೆಯೇ ಆಗುತ್ತಿತ್ತು. ಮಗನ ಮಾತು ಹೊರಟು, ತಂದೆಯ ಕಿವಿ ಹೊಕ್ಕು, ಒರಟು ಬೆರಳಿಗೆ ಇಳಿಯುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಈ ಫಾಲ್ಟಿಗೆ ಬದಲಿಸುವ ಸಾಮಾನು ಯಾವ ಪೇಟೆಯಲ್ಲೂ ಸಿಗುವುದಿಲ್ಲ ಎಂದು ನಿಜಾಮಸಾಬನಿಗೆ ತಿಳಿದಿತ್ತು. ಆದರೂ ಆಡಿದರು. ಭರಮಪ್ಪ ಬಿದ್ದ, ಎದ್ದ, ಬಿದ್ದ. ಒಮ್ಮೆ ಅತೀಕ ನಕ್ಕ. ನಿಜಾಮಸಾಬ ಬೆವರಿದ್ದ.

ಹಾಗೆ ಆಡುತ್ತ ಆಡುತ್ತ ಅವನು ಒಂದನ್ನು ಗಮನಿಸಿದ. ಜಿಗಿ ಎನ್ನುವ ಮೊದಲು ಅತೀಕ ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಿದ್ದ. ಅಷ್ಟು ಚಿಕ್ಕ ಮಾತಿಗೂ ಅವನಿಗೆ ಈಗ ಪ್ರತ್ಯೇಕ ಉಸಿರು ಬೇಕಾಗಿತ್ತು. ಮುಂಚೆ ಇದು ಇರಲಿಲ್ಲ, ಅಥವಾ ನಿಜಾಮಸಾಬ ಕೇಳಿಸಿಕೊಂಡಿರಲಿಲ್ಲ. ಮುಂದಿನ ಹೊಂಡ ಬಂದಾಗ ಅವನು ಮಾತಿಗೆ ಕಾಯಲಿಲ್ಲ. ಆ ಉಸಿರು ಎಳೆದ ಸದ್ದು ಕೇಳಿದ ಕೂಡಲೇ ಒತ್ತಿದ. ಭರಮಪ್ಪ ಹೊಂಡ ದಾಟಿದ.

ಅತೀಕನ ಕಣ್ಣು ಅರಳಿದವು. ಹೇಗೆ ಗೊತ್ತಾಯಿತು ಎಂದು ಕೇಳಿದ. ರೂಢಿಯಾಯಿತು ಎಂದ ನಿಜಾಮಸಾಬ. ಮತ್ತೊಂದು ಹೊಂಡ ಬಂತು, ಮತ್ತೆ ದಾಟಿದರು. ಬೇಗಂಬಿ ನೇಸರಗಿಯಿಂದ ಬಂದು ಬುರ್ಖಾ ತೆಗೆಯುತ್ತ ಭರಮಪ್ಪ ಎಲ್ಲಿಗೆ ಬಂದ ಎಂದಳು, ಎರಡನೇ ಊರು ದಾಟಿದ ಎಂದು ಅತೀಕ ಕೂಗಿ ಹೇಳಿದ, ಆ ಕೂಗಿಗೂ ಒಂದು ಉಸಿರು ಹಿಡಿಯಿತು. ನಿಜಾಮಸಾಬ ಈಗ ಪರದೆ ನೋಡುತ್ತಿರಲಿಲ್ಲ. ಮಗನ ಬಾಯಿಯ ಹತ್ತಿರ ಕಿವಿ ಇಟ್ಟು, ಬಟನ್ ಮೇಲೆ ಬೆರಳಿಟ್ಟು, ಮುಂದಿನ ಉಸಿರು ಬರುವುದನ್ನೇ ಕಾಯುತ್ತ ಕುಳಿತಿದ್ದ.